ರಿಲೇಯಿಂದ ದೂರವಾಣಿನಗರದವರೆಗೆ: ವಿದ್ಯುತ್‌ಯಾಂತ್ರಿಕ ತಂತ್ರಜ್ಞಾನದ ಚರಿತ್ರೆ

ವಿದ್ಯುತ್ತಿನ ಬಲದಿಂದ ಯಂತ್ರದ ಭಾಗವೊಂದು ಚಲಿಸುವ, ಅಥವಾ ಯಂತ್ರಭಾಗದ ಚಲನೆಯಿಂದ ವಿದ್ಯುನ್ಮಂಡಲವೊಂದು ಕೂಡುವ ಇಲ್ಲವೇ ಕಡಿಯುವ ಸಾಧನಗಳಿಗೆ ತಂತ್ರಜ್ಞರು ಎಲೆಕ್ಟ್ರೊಮೆಕ್ಯಾನಿಕಲ್, ಅಂದರೆ ವಿದ್ಯುತ್‌ಯಾಂತ್ರಿಕ ಎಂಬ ವಿಶೇಷಣವನ್ನು ಬಳಸುತ್ತಾರೆ. ಕರ್ನಾಟಕದ ಜನಸಾಮಾನ್ಯರಿಗೆ ಈ ಪದ ಎದುರಾದದ್ದು ಹೆಚ್ಚಾಗಿ ಮನೆಯ ಗೋಡೆಯ ಮೇಲಿನ ಮೀಟರಿನ ಸಂದರ್ಭದಲ್ಲಿ. ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿದ್ದ ಹಳೆಯ ಎಲೆಕ್ಟ್ರೊಮೆಕ್ಯಾನಿಕಲ್ ಮೀಟರುಗಳನ್ನು ತೆಗೆದು ಎಲೆಕ್ಟ್ರಾನಿಕ್ ಮೀಟರುಗಳನ್ನು ಕೂರಿಸುವ ಕಾರ್ಯವನ್ನು ವಿದ್ಯುತ್ ಸರಬರಾಜು ಕಂಪನಿಗಳು ಕೈಗೊಂಡಾಗ, ಅದುವರೆಗೆ ಬರಿಯ ಮೀಟರ್ ಎನಿಸಿಕೊಂಡಿದ್ದ ವಸ್ತುವಿಗೆ ಈ ಉದ್ದದ ಹೆಸರು ಅಂಟಿಕೊಂಡಿತು. ಎಲೆಕ್ಟ್ರಾನಿಕ್ಸ್ ಬಂದ ಮೇಲೆ, ಅದಕ್ಕಿಂತ ಹಿಂದಿನದನ್ನು ಬೇರ್ಪಡಿಸಿ ಹೇಳಬೇಕಾದ ಕಡೆಯಲ್ಲೆಲ್ಲ ಈ ಪದದ ಬಳಕೆ ಹೆಚ್ಚಿತು. ಆದರೆ ಅದು ಸೂಚಿಸುವ ತಂತ್ರಕ್ಕೆ ಹೆಚ್ಚುಕಡಿಮೆ 200 ವರ್ಷಗಳ ಚರಿತ್ರೆಯಿದ್ದು, ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿ ನಡೆದಿದೆ.

ಈ ಸಾಧನಗಳನ್ನು ಎರಡು ಕುಲಗಳಾಗಿ ವಿಂಗಡಿಸುವುದು ಅನುಕೂಲಕರ. ಮೊದಲನೆಯದು ಶಕ್ತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಮೋಟಾರು, ಜನರೇಟರುಗಳ ಕುಲ. ಎರಡನೆಯದು ಸಂಕೇತವನ್ನು ಸ್ವೀಕರಿಸಿ, ಅದಕ್ಕೆ ತಕ್ಕಂತೆ ಇನ್ನೊಂದು ಮಂಡಲವನ್ನು ನಿಯಂತ್ರಿಸುವ ರಿಲೇ, ಸೆಲೆಕ್ಟರ್, ಕಾಂಟ್ಯಾಕ್ಟರುಗಳ ಕುಲ. ಮೊದಲನೆಯ ಕುಲದ ಚರಿತ್ರೆಯನ್ನು ಜಲವಿದ್ಯುತ್ತಿನ ಮತ್ತು ಕೈಗಾರಿಕೆಯ ಚರಿತ್ರೆಯ ಅಂಗವಾಗಿ ಅನೇಕರು ಬರೆದಿದ್ದಾರೆ. ಈ ಬರಹದ ವಿಷಯವಾದ ಎರಡನೆಯ ಕುಲದಲ್ಲಿ ವಿದ್ಯುತ್ತು ಮತ್ತು ಯಂತ್ರಗಳ ನಡುವೆ ಒಂದು ಸ್ಪಷ್ಟವಾದ ಶ್ರಮವಿಭಜನೆ ಕಾಣುತ್ತದೆ: ದೂರದಿಂದ ಕ್ಷಣಮಾತ್ರದಲ್ಲಿ ಆಜ್ಞೆಯನ್ನು ತರುವುದು ವಿದ್ಯುತ್ತಿನ ಕೆಲಸವಾದರೆ, ಬಂದ ಆಜ್ಞೆಯನ್ನು ಒಂದು ಸ್ಥಾನದ ರೂಪದಲ್ಲಿ ಹಿಡಿದಿಟ್ಟುಕೊಳ್ಳುವುದು ಮತ್ತು ವಿದ್ಯುತ್ತು ನಿಂತಾಗ ಏನಾಗಬೇಕೆಂಬುದನ್ನು ಸ್ಪ್ರಿಂಗಿನ ಎಳೆತದಿಂದಲೋ ಲೋಹದ ಭಾರದಿಂದಲೋ ನಿರ್ಧರಿಸುವುದು ಯಂತ್ರದ ಕೆಲಸ. ಈ ಕುಲದ ಬೆಳವಣಿಗೆ ಮತ್ತು ಇಳಿಗಾಲಗಳೆರಡೂ ಈ ಶ್ರಮವಿಭಜನೆಯಿಂದಲೇ ಅರ್ಥವಾಗುತ್ತವೆ.

1820ರಲ್ಲಿ ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ತು ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡು ಪ್ರಕಟಿಸಿದ್ದು ಈ ಎಲ್ಲ ಬೆಳವಣಿಗೆಗೂ ಮೂಲ. ಮರುವರ್ಷವೇ ಮೈಕೆಲ್ ಫ್ಯಾರಡೆ ಪಾದರಸದ ಬಟ್ಟಲಿನಲ್ಲಿ ಅಯಸ್ಕಾಂತದ ಸುತ್ತ ತಂತಿಯೊಂದು ಎಡೆಬಿಡದೆ ಸುತ್ತುವಂತೆ ಮಾಡಿ, ವಿದ್ಯುತ್ತಿನಿಂದ ನಿರಂತರ ಚಲನೆಯನ್ನು ಪಡೆಯಬಹುದೆಂದು ತೋರಿಸಿದ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್, ಲಾಳದಂತೆ ಬಾಗಿಸಿದ ಮೆದುಕಬ್ಬಿಣಕ್ಕೆ ತಂತಿ ಸುತ್ತಿ ವಿದ್ಯುತ್ಕಾಂತವನ್ನು ಪ್ರದರ್ಶಿಸಿದ. ಸುಮಾರು 200 ಗ್ರಾಂ ತೂಕದ ಆ ಕಬ್ಬಿಣ ಸುಮಾರು 4 ಕಿಲೋಗ್ರಾಂ ಭಾರವನ್ನು ಎತ್ತಿತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೆ ನಿರೋಧಕ ಹೊದಿಕೆ ಹಾಕಿ, ಸುತ್ತುಗಳನ್ನು ಒತ್ತೊತ್ತಾಗಿ ಹಲವು ಪದರಗಳಲ್ಲಿ ಸುತ್ತಿದಾಗ ಇದೇ ಸಾಧನದ ಬಲ ಎಷ್ಟೋ ಪಾಲು ಹೆಚ್ಚಿತು. 1831ರಲ್ಲಿ ಆತ ಯೇಲ್ ಕಾಲೇಜಿಗೆಂದು ಕಟ್ಟಿದ ವಿದ್ಯುತ್ಕಾಂತ 900 ಕಿಲೋಗ್ರಾಂಗೂ ಹೆಚ್ಚಿನ ಭಾರವನ್ನು ಹೊರಬಲ್ಲದಾಗಿತ್ತು. ಮುಂದಿನ ಚರಿತ್ರೆಯ ದೃಷ್ಟಿಯಿಂದ ಈ ಬಲಕ್ಕಿಂತ ಮುಖ್ಯವಾದದ್ದು ವಿದ್ಯುತ್ಕಾಂತದ ಇನ್ನೊಂದು ಗುಣ: ಮೆದುಕಬ್ಬಿಣವು ವಿದ್ಯುತ್ತು ಹರಿಯುವಷ್ಟು ಹೊತ್ತು ಮಾತ್ರ ಅಯಸ್ಕಾಂತವಾಗಿದ್ದು, ಪ್ರವಾಹ ನಿಂತೊಡನೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ.

ಈ ಹಿಡಿಯುವ ಮತ್ತು ಬಿಡುವ ಗುಣದಿಂದಲೇ ರಿಲೇ ಹುಟ್ಟಿತು. ಕಬ್ಬಿಣದ ತಿರುಳಿಗೆ ತಂತಿಯ ಸುರುಳಿ, ಅದರ ತುದಿಯೆದುರು ಕೀಲಿನ ಮೇಲೆ ನಿಂತ ಸಣ್ಣ ಕಬ್ಬಿಣದ ತುಂಡು, ಆ ತುಂಡು ಅಲುಗಿದಾಗ ಒಂದನ್ನೊಂದು ಮುಟ್ಟುವ ಇಲ್ಲವೇ ಅಗಲುವ ಲೋಹದ ಪಟ್ಟಿಗಳು, ಎಲ್ಲವನ್ನೂ ಮೊದಲಿನ ಸ್ಥಿತಿಗೆ ಎಳೆಯುವ ಸ್ಪ್ರಿಂಗು, ಇಷ್ಟೇ ರಿಲೇಯ ಅಂಗಾಂಗಗಳು. ದೂರದ ತಂತಿಯಲ್ಲಿ ಬಳಲಿ ಬಂದ ಅಲ್ಪ ಪ್ರವಾಹಕ್ಕೆ ಕಬ್ಬಿಣದ ತುಂಡನ್ನು ಕೂದಲೆಳೆಯಷ್ಟು ಅಲುಗಿಸುವ ಶಕ್ತಿಯಿದ್ದರೆ ಸಾಕು, ಆ ಅಲುಗಾಟದಿಂದ ಸ್ಥಳೀಯ ಬ್ಯಾಟರಿಯ ಪ್ರಬಲ ಮಂಡಲವೊಂದು ಕೂಡಿಕೊಂಡು ಸಂದೇಶವನ್ನು ಮುಂದಕ್ಕೆ ಒಯ್ಯುತ್ತದೆ ಎಂಬ ಈ ಉಪಾಯವನ್ನು ಹೆನ್ರಿ 1830ರ ದಶಕದ ಮಧ್ಯದಲ್ಲೇ ತನ್ನ ವಿದ್ಯಾರ್ಥಿಗಳೆದುರು ಪ್ರಯೋಗಿಸಿ ತೋರಿಸಿದ್ದ. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಸಂದೇಶ ಕಳಿಸಿದ ಮೇಲೆ ತಂತಿ ವ್ಯವಸ್ಥೆ ಖಂಡಗಳ ಅಗಲಕ್ಕೆ ಹರಡಿತು. ಭಾರತದಲ್ಲಿ ವಿಲಿಯಂ ಒ’ಶಾನೆಸಿಯ ಪ್ರಯತ್ನದಿಂದ 1851ರಲ್ಲಿ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಆರಂಭವಾದ ತಂತಿ ಸೇವೆ, ದೇಶದ ಉದ್ದಗಲಕ್ಕೂ ವ್ಯಾಪಿಸಿ 2013ರ ಜುಲೈವರೆಗೆ ನಡೆಯಿತು.

ತಂತಿ ಸಂದೇಶಕ್ಕೆ ಎರಡು ಊರುಗಳ ನಡುವೆ ಒಂದು ಗೆರೆ ಸಾಕಾಗಿತ್ತು. ಟೆಲಿಫೋನು ಬಂದಾಗ ಸಮಸ್ಯೆಯ ಸ್ವರೂಪವೇ ಬದಲಾಯಿತು. ಊರಿನ ಯಾವುದೇ ಚಂದಾದಾರ ಇನ್ನಾವುದೇ ಚಂದಾದಾರನೊಡನೆ ಮಾತನಾಡಬೇಕಾದರೆ, ಎಲ್ಲರ ತಂತಿಗಳೂ ಎಕ್ಸ್‌ಚೇಂಜ್ ಎಂಬ ಒಂದೆಡೆ ಸೇರಿ, ಅಲ್ಲಿ ಬೇಕಾದ ಎರಡನ್ನು ಬೇಕಾದಾಗ ಕೂಡಿಸುವ ಏರ್ಪಾಡು ಇರಬೇಕಾಗುತ್ತದೆ. 1882ರ ಜನವರಿಯಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ತೆರೆದ ಭಾರತದ ಮೊದಲ ಎಕ್ಸ್‌ಚೇಂಜುಗಳಲ್ಲಿ, ಆ ಕಾಲದ ಎಲ್ಲ ಕಡೆಯಂತೆ, ಈ ಕೂಡಿಸುವ ಕೆಲಸವನ್ನು ಆಪರೇಟರುಗಳು ಕೈಯಿಂದಲೇ ಮಾಡುತ್ತಿದ್ದರು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ ಈ ಆಪರೇಟರನ್ನು ಇಲ್ಲವಾಗಿಸುವ ಯಂತ್ರಕ್ಕೆ 1891ರ ಮಾರ್ಚ್‌ನಲ್ಲಿ ಪೇಟೆಂಟ್ ಪಡೆದ. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾಳೆಂಬ ಗುಮಾನಿಯೇ ಅವನನ್ನು ಈ ಕೆಲಸಕ್ಕೆ ಹಚ್ಚಿತೆಂಬ ಕಥೆ ಪ್ರಚಲಿತವಾಗಿದೆ. 1892ರ ನವೆಂಬರಿನಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಸುಮಾರು 75 ಚಂದಾದಾರರೊಡನೆ ಮೊದಲ ಸ್ಟ್ರೌಜರ್ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ಆರಂಭದಲ್ಲಿ ಗುಂಡಿಗಳನ್ನು ಎಣಿಸಿ ಒತ್ತಬೇಕಾಗಿದ್ದು, ಬೆರಳು ತೂರಿಸಿ ತಿರುಗಿಸುವ ಡಯಲ್ 1896ರ ಸುಮಾರಿಗೆ ಬಂತು.

ಪಕ್ವಗೊಂಡ ಸ್ಟ್ರೌಜರ್ ವ್ಯವಸ್ಥೆಯ ಹೃದಯ ಎರಡು ಚಲನೆಗಳ ಸೆಲೆಕ್ಟರ್. ಅರ್ಧವರ್ತುಲಾಕಾರದ ಒಂದು ಚೌಕಟ್ಟಿನಲ್ಲಿ ಹತ್ತು ಅಂತಸ್ತುಗಳು, ಪ್ರತಿ ಅಂತಸ್ತಿನಲ್ಲಿ ಹತ್ತು ಲೋಹಸ್ಪರ್ಶಗಳು; ಈ ನೂರು ಸ್ಪರ್ಶಗಳ ಸಮೂಹಕ್ಕೆ ಬ್ಯಾಂಕ್ ಎಂದೂ, ಅದರ ನಡುವಿನ ಕಂಬಕ್ಕೆ ಕಚ್ಚಿಕೊಂಡು ಸ್ಪರ್ಶಗಳ ಮೇಲೆ ಜಾರುವ ತೋಳಿಗೆ ವೈಪರ್ ಎಂದೂ ಹೆಸರು. ಡಯಲನ್ನು ತಿರುಗಿಸಿ ಬಿಟ್ಟಾಗ, ಅದು ಹಿಂದಿರುಗುವ ಹಾದಿಯಲ್ಲಿ ಚಂದಾದಾರನ ಮಂಡಲವನ್ನು ಸೆಕೆಂಡಿಗೆ ಹತ್ತರ ವೇಗದಲ್ಲಿ, ಅಂಕೆಯಷ್ಟು ಸಲ ಕಡಿದು ಕೂಡಿಸುತ್ತದೆ. ಪ್ರತಿ ಕಡಿತಕ್ಕೂ ಒಂದು ವಿದ್ಯುತ್ಕಾಂತ ಹಲ್ಲುಗಳ ಕಂಬವನ್ನು ಒಂದು ಮೆಟ್ಟಿಲು ಮೇಲಕ್ಕೆತ್ತುತ್ತದೆ, ಮತ್ತು ಹಲ್ಲಿಗೆ ಸಿಕ್ಕಿಬೀಳುವ ಕೊಕ್ಕೆ ಅದನ್ನು ಅಲ್ಲಿಯೇ ನಿಲ್ಲಿಸುತ್ತದೆ. ಹತ್ತು ಸಾವಿರ ಚಂದಾದಾರರ ಎಕ್ಸ್‌ಚೇಂಜಿನಲ್ಲಿ 3472 ಎಂಬ ಸಂಖ್ಯೆಯನ್ನು ಕರೆದರೆ, ಮೊದಲನೆಯ ಸೆಲೆಕ್ಟರ್ ಮೂರನೆಯ ಅಂತಸ್ತಿಗೆ ಏರಿ, ಅಲ್ಲಿನ ಹತ್ತು ಮಾರ್ಗಗಳಲ್ಲಿ ಖಾಲಿಯಿರುವುದನ್ನು ತಾನೇ ತಡಕಿ ಹಿಡಿದು, ಮುಂದಿನ ಸೆಲೆಕ್ಟರಿಗೆ ದಾರಿ ಬಿಡುತ್ತದೆ. ಎರಡನೆಯದು ನಾಲ್ಕನೆಯ ಅಂತಸ್ತಿನಲ್ಲಿ ಅದೇ ರೀತಿ ಹುಡುಕುತ್ತದೆ. ಕೊನೆಯ ಸೆಲೆಕ್ಟರ್ ಏಳು ಮೆಟ್ಟಿಲು ಏರಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬೇಕಾದ ಮನೆಯ ತಂತಿಯ ಮೇಲೆ ನಿಲ್ಲುತ್ತದೆ. ಹುಡುಕಿದ ಹತ್ತೂ ಮಾರ್ಗಗಳು ತುಂಬಿದ್ದರೆ ಕರೆದವರಿಗೆ ಎಂಗೇಜ್ ಸದ್ದು ಕೇಳಿಸುತ್ತದೆ. ಮಾತು ಮುಗಿದು ಕೊಕ್ಕೆ ಬಿಟ್ಟುಕೊಂಡಾಗ ಕಂಬ ಸ್ಪ್ರಿಂಗಿನ ಸೆಳೆತದಿಂದ ಹಿಂದಕ್ಕೆ ತಿರುಗಿ, ತನ್ನ ಭಾರದಿಂದಲೇ ಕೆಳಕ್ಕೆ ಇಳಿಯುತ್ತದೆ.

ಒಂದು ಅಂಕೆ ಮುಗಿಯಿತೆಂಬುದನ್ನು ಈ ಯಂತ್ರ ತಿಳಿಯುತ್ತಿದ್ದ ಬಗೆ ವಿಶೇಷವಾಗಿ ಗಮನಾರ್ಹ. ಸೆಲೆಕ್ಟರಿನ ತಲೆಯ ಮೇಲೆ ಸಾಲಾಗಿ ನಿಂತ ರಿಲೇಗಳಲ್ಲಿ ಮೂರಕ್ಕೆ ಎಕ್ಸ್‌ಚೇಂಜಿನವರು ಎ, ಬಿ, ಸಿ ಎಂದು ಹೆಸರಿಟ್ಟಿದ್ದರು. ಎ ರಿಲೇ ಚುರುಕಿನದು. ಡಯಲಿನ ಪ್ರತಿ ಕಡಿತಕ್ಕೂ ಬೀಳುತ್ತ ಏಳುತ್ತ ಇರುವಂಥದ್ದು. ಬಿ ಮತ್ತು ಸಿ ರಿಲೇಗಳ ತಿರುಳಿಗೆ ತಾಮ್ರದ ದಪ್ಪ ಬಳೆಯೊಂದನ್ನು ತೊಡಿಸಲಾಗುತ್ತಿತ್ತು. ಸುರುಳಿಯಲ್ಲಿ ಪ್ರವಾಹ ನಿಂತೊಡನೆ ಆ ತಾಮ್ರದಲ್ಲಿ ಪ್ರೇರಿತ ಪ್ರವಾಹ ಹುಟ್ಟಿ ಕಾಂತತ್ವ ಮೆಲ್ಲಮೆಲ್ಲನೆ ಇಳಿಯುವುದರಿಂದ, ಈ ರಿಲೇಗಳು ಸೆಕೆಂಡಿನ ಸಣ್ಣದೊಂದು ಭಾಗದಷ್ಟು ತಡವಾಗಿ ಬಿಡುತ್ತವೆ. ಹೀಗಾಗಿ ಅಂಕೆಯ ನಡುವಣ ಕ್ಷಣಿಕ ಕಡಿತಗಳಿಗೆ ಬಿ ಜಗ್ಗದೆ, ರಿಸೀವರ್ ಕೆಳಗಿಟ್ಟಾಗಿನ ದೀರ್ಘ ಕಡಿತಕ್ಕೆ ಮಾತ್ರ ಸೆಲೆಕ್ಟರನ್ನು ಬಿಡುಗಡೆ ಮಾಡುತ್ತಿತ್ತು. ಸಿ ರಿಲೇ ಕಡಿತಗಳ ಸರಣಿ ನಡೆಯುತ್ತಿರುವವರೆಗೆ ಹಿಡಿದುಕೊಂಡಿದ್ದು, ಎರಡು ಅಂಕೆಗಳ ನಡುವಿನ ಬಿಡುವಿನಲ್ಲಿ ಬಿದ್ದು, ಏರುವುದು ಮುಗಿಯಿತು, ಇನ್ನು ಪಕ್ಕಕ್ಕೆ ಸರಿಯಬಹುದು ಎಂಬ ಸೂಚನೆ ಕೊಡುತ್ತಿತ್ತು. ಗಡಿಯಾರವಿಲ್ಲದೆ, ತಾಮ್ರದ ಒಂದು ಬಳೆಯಿಂದ ಕಾಲವನ್ನು ಅಳೆದ ಈ ಯುಕ್ತಿಯು ವಿದ್ಯುತ್‌ಯಾಂತ್ರಿಕ ಚಿಂತನೆಯ ಸೂಕ್ಷ್ಮತೆಗೆ ಉತ್ತಮ ನಿದರ್ಶನ.

ರಿಲೇಗಳ ಜೋಡಣೆಯಿಂದ ನಿರ್ಣಯಗಳನ್ನು ಹೊರಡಿಸಬಹುದೆಂಬ ಈ ಅನುಭವ ಟೆಲಿಫೋನಿನ ಆಚೆಗೂ ಹಬ್ಬಿತು. ಅಮೆರಿಕದ ಕ್ಲಾಡ್ ಶ್ಯಾನನ್ 1937ರಲ್ಲಿ ಎಂಐಟಿಗೆ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದಲ್ಲಿ, ಸರಣಿಯಾಗಿ ಮತ್ತು ಸಮಾಂತರವಾಗಿ ಜೋಡಿಸಿದ ರಿಲೇ ಸ್ಪರ್ಶಗಳು ಜಾರ್ಜ್ ಬೂಲನ ತರ್ಕಗಣಿತವನ್ನೇ ಪಾಲಿಸುತ್ತವೆಂದು ತೋರಿಸಿದ. 1941ರಲ್ಲಿ ಬರ್ಲಿನ್ನಿನ ಕೊನ್ರಾಡ್ ತ್ಸೂಸೆ ಎರಡು ಸಾವಿರಕ್ಕೂ ಹೆಚ್ಚು ಟೆಲಿಫೋನ್ ರಿಲೇಗಳಿಂದ ಜ಼ಡ್3 ಎಂಬ ಗಣಕವನ್ನು ಕಟ್ಟಿದ. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ಮಾರ್ಕ್ 1 ಎಂಬ, ಸುಮಾರು 15 ಮೀಟರ್ ಉದ್ದದ ಯಂತ್ರವೂ ವಿದ್ಯುತ್‌ಯಾಂತ್ರಿಕವೇ ಆಗಿತ್ತು. ಆದರೆ ಲೋಹದ ತುಂಡು ಅಲುಗುವುದಕ್ಕೆ ಸೆಕೆಂಡಿನ ಸಾವಿರದ ಕೆಲವು ಭಾಗಗಳಾದರೂ ಬೇಕಾಗುವುದರಿಂದ, ಲೆಕ್ಕದ ಕ್ಷೇತ್ರದಲ್ಲಿ ನಿರ್ವಾತ ನಳಿಗೆಗಳ ವೇಗದೆದುರು ರಿಲೇ ಬಹುಬೇಗ ಹಿಂದೆ ಬಿತ್ತು. ಟೆಲಿಫೋನಿನಲ್ಲಿ ಹಾಗಾಗಲಿಲ್ಲ, ಡಯಲ್ ತಿರುಗಿಸುವ ಬೆರಳಿನ ವೇಗಕ್ಕೆ ಹೊಂದಿಕೊಂಡರೆ ಸಾಕಾಗಿದ್ದ ಕಾರಣ, ಅಲ್ಲಿ ಈ ತಂತ್ರಜ್ಞಾನ ಇನ್ನೂ ಅರ್ಧ ಶತಮಾನ ಬಾಳಿತು.

ಬ್ರಿಟನ್ನಿನಲ್ಲಿ 1912ರಲ್ಲಿ ಎಪ್ಸಮ್ ಎಂಬಲ್ಲಿ ಮೊದಲ ಸಾರ್ವಜನಿಕ ಸ್ವಯಂಚಾಲಿತ ಎಕ್ಸ್‌ಚೇಂಜ್ ತೆರೆಯಿತು. 1922ರ ಹೊತ್ತಿಗೆ ಅಲ್ಲಿನ ಅಂಚೆ ಇಲಾಖೆ ಸ್ಟ್ರೌಜರ್ ಪದ್ಧತಿಯನ್ನೇ ತನ್ನ ಮಾನಕವೆಂದು ಅಂಗೀಕರಿಸಿತು. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿಯೂ ಇದೇ ಪರಂಪರೆ ಬೇರೂರಿದ್ದು ಸಹಜ. ದೇಶದ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ 1913-14ರಲ್ಲಿ, 700 ಲೈನುಗಳೊಡನೆ, ಬೇಸಿಗೆಯ ರಾಜಧಾನಿಯಾಗಿದ್ದ ಶಿಮ್ಲಾದಲ್ಲಿ ಸ್ಥಾಪಿತವಾಯಿತು. ಉಪಕರಣಗಳೆಲ್ಲ ಹೊರದೇಶದಿಂದ ಬರಬೇಕಾಗಿದ್ದ ಈ ಸ್ಥಿತಿಯನ್ನು ಬದಲಿಸಲು ಸ್ವತಂತ್ರ ಭಾರತ ಸರ್ಕಾರ 1948ರಲ್ಲಿ ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಬೆಂಗಳೂರಿನ ಹೊರವಲಯದ ಕೃಷ್ಣರಾಜಪುರದ ಬಳಿ ಕಾರ್ಖಾನೆಯೊಂದನ್ನು ಸ್ಥಾಪಿಸಿತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಜನರ ಬಾಯಲ್ಲಿ ಐಟಿಐ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯೆಂದು ಗಣಿಸಲ್ಪಟ್ಟಿದೆ. ಅದರ ಸುತ್ತ ಬೆಳೆದ ನೌಕರರ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ಬಂತು. ಮುಂದಿನ ಹತ್ತು ವರ್ಷಗಳೊಳಗೆ ಎಚ್‌ಎಂಟಿ, ಬಿಇಎಲ್ ಎಂಬ ಇತರ ಸಾರ್ವಜನಿಕ ಉದ್ದಿಮೆಗಳೂ ಬೆಂಗಳೂರಿಗೆ ಬಂದವು.

ಸ್ಟ್ರೌಜರ್ ಉಪಕರಣದ ತಯಾರಿಕೆ ಶ್ರಮಪ್ರಧಾನವಾದದ್ದು. ಒಂದೊಂದು ಸೆಲೆಕ್ಟರಿನಲ್ಲೂ ಅಚ್ಚೊತ್ತಿ ಕತ್ತರಿಸಬೇಕಾದ ಪಟ್ಟಿಗಳು, ಹಲ್ಲು ಕೊರೆಯಬೇಕಾದ ಕಂಬಗಳು, ಸುತ್ತಬೇಕಾದ ಸುರುಳಿಗಳು, ಲೇಪ ಹಾಕಬೇಕಾದ ಸ್ಪರ್ಶಗಳು ನೂರಾರು ಇದ್ದು, ಅವನ್ನೆಲ್ಲ ಜೋಡಿಸಿದ ಮೇಲೂ ಅತ್ಯಂತ ನಾಜೂಕಿನ ಕೆಲಸವೊಂದು ಉಳಿಯುತ್ತಿತ್ತು: ಪ್ರತಿ ಸ್ಪ್ರಿಂಗ್ ಪಟ್ಟಿಯ ಬಿಗುಪನ್ನು ಅಳೆದು, ಸ್ಪರ್ಶಗಳ ನಡುವಿನ ಅಂತರವನ್ನು ತೆಳುವಾದ ತಗಡಿನ ಗೇಜಿನಿಂದ ಪರೀಕ್ಷಿಸಿ, ವಿಶೇಷ ಇಕ್ಕಳದಿಂದ ಹದಕ್ಕೆ ಬಾಗಿಸುವುದು. ಅಡ್ಜಸ್ಟ್‌ಮೆಂಟ್ ಎಂದು ಕರೆಯುತ್ತಿದ್ದ ಈ ಕೆಲಸವು ಕಾರ್ಖಾನೆಯಲ್ಲಿ ಮುಗಿಯದೆ ಎಕ್ಸ್‌ಚೇಂಜಿನಲ್ಲಿಯೂ ದಿನನಿತ್ಯ ಮುಂದುವರಿಯುತ್ತಿತ್ತು. ಸ್ಪರ್ಶದ ಮೇಲೆ ಕೂತ ಧೂಳಿನ ಕಣದಿಂದ ಕರೆ ಕೂಡದೆ ಹೋಗುವುದೂ, ಸವೆದ ಕೊಕ್ಕೆ ಒಂದು ಹಲ್ಲು ತಪ್ಪಿದರೆ ರಾಂಗ್ ನಂಬರ್ ಸಿಗುವುದೂ ಈ ತಂತ್ರಜ್ಞಾನದ ಸಹಜ ರೋಗಗಳಾಗಿದ್ದವು. ದೋಷ ಎಲ್ಲಿದೆಯೆಂಬುದು ಕಣ್ಣಿಗೆ ಕಾಣುವಂತಿದ್ದು, ಕಿವಿಗೂ ಕೇಳುವಂತಿದ್ದುದರಿಂದ, ಸಾವಿರಾರು ಸೆಲೆಕ್ಟರುಗಳ ಗದ್ದಲದ ನಡುವೆ ಸದ್ದಿನ ವ್ಯತ್ಯಾಸದಿಂದ ತೊಂದರೆಯನ್ನು ಗುರುತಿಸುವುದು ಪಳಗಿದ ತಂತ್ರಜ್ಞನಿಗೆ ಸಾಧ್ಯವಿತ್ತು. ಒಂದು ಸೆಲೆಕ್ಟರ್ ಕೆಟ್ಟರೆ ಅದರ ಮೂಲಕ ಹಾಯುವ ಕರೆಗಷ್ಟೇ ತೊಂದರೆಯಾಗಿ, ಉಳಿದ ವ್ಯವಸ್ಥೆ ಎಂದಿನಂತೆ ನಡೆಯುತ್ತಿದ್ದುದು ಇದರ ಇನ್ನೊಂದು ಅನುಕೂಲ.

ಈ ಯಂತ್ರದ ಸ್ವಭಾವ ಬಳಕೆದಾರರ ಅಭ್ಯಾಸಗಳಲ್ಲಿಯೂ ಸಂಖ್ಯೆಗಳ ಹಂಚಿಕೆಯಲ್ಲಿಯೂ ಅಚ್ಚೊತ್ತಿತು. ಎಕ್ಸ್‌ಚೇಂಜಿಗೆ ಡಯಲಿನ ಕಡಿತಕ್ಕೂ ರಿಸೀವರಿನ ಕೊಕ್ಕೆಯನ್ನು ಒತ್ತಿದ ಕಡಿತಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಚೇರಿಗಳಲ್ಲಿ ಡಯಲಿಗೆ ಸಣ್ಣ ಬೀಗ ಹಾಕಿಟ್ಟರೂ, ಕೊಕ್ಕೆಯನ್ನು ಅಂಕೆಯಷ್ಟು ಸಲ ಬಡಿದು ಕರೆ ಮಾಡುವ ಜಾಣರಿದ್ದದ್ದು ಇದರಿಂದಲೇ. ಕೊಕ್ಕೆ ಅಕಸ್ಮಾತ್ತಾಗಿ ಒಮ್ಮೆ ಅಲುಗಿದರೆ ಅದು 1 ಎಂಬ ಅಂಕೆಯಾಗಿ ಎಣಿಕೆಯಾಗುವ ಅಪಾಯವಿದ್ದ ಕಾರಣ, ಚಂದಾದಾರರ ಸಂಖ್ಯೆಗಳು 1ರಿಂದ ಆರಂಭವಾಗದಂತೆ ಎಚ್ಚರ ವಹಿಸಿ, ಆ ಅಂತಸ್ತನ್ನು ವಿಶೇಷ ಸೇವೆಗಳಿಗೆ ಮೀಸಲಿಡುವ ಪದ್ಧತಿ ಬೆಳೆಯಿತು. ಪೊಲೀಸರ 100, ಅಗ್ನಿಶಾಮಕ ದಳದ 101 ಮೊದಲಾದ ಸಂಖ್ಯೆಗಳು ಇದೇ ಪದ್ಧತಿಗೆ ಸೇರಿದವು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಪರವೂರಿಗೆ ಚಂದಾದಾರನೇ ನೇರವಾಗಿ ಡಯಲ್ ಮಾಡುವ, ದೇಶದ ಮೊದಲ ಎಸ್‌ಟಿಡಿ ಸಂಪರ್ಕ ಏರ್ಪಟ್ಟು, ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವ ಅಗತ್ಯ ಕ್ರಮೇಣ ಕಡಿಮೆಯಾಗತೊಡಗಿದಾಗ, ಪರವೂರಿನ ಕರೆಗೆ ಮೊದಲು 0 ತಿರುಗಿಸುವ ರೂಢಿ ನೆಲೆಗೊಂಡಿತು; ಸೆಲೆಕ್ಟರಿನ ಮಟ್ಟಿಗೆ 0 ಎಂದರೆ ಹತ್ತು ಕಡಿತಗಳು, ಅಂದರೆ ಅತ್ಯಂತ ಮೇಲಿನ ಅಂತಸ್ತು.

1960ರ ದಶಕದಲ್ಲಿ ಐಟಿಐ ಬೆಲ್ಜಿಯಂನ ಆಂಟ್‌ವರ್ಪಿನ ಬೆಲ್ ಟೆಲಿಫೋನ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಸಹಕಾರದಿಂದ ಪೆಂಟಾಕಾಂಟಾ ಎಂಬ ಕ್ರಾಸ್‌ಬಾರ್ ಪದ್ಧತಿಯನ್ನು ಕೈಗೆತ್ತಿಕೊಂಡಿತು. ಅಡ್ಡ ಮತ್ತು ಉದ್ದ ಸರಳುಗಳು ಸಂಧಿಸುವೆಡೆಯಲ್ಲಿ ಸ್ಪರ್ಶವೇರ್ಪಡುವ ಈ ಪದ್ಧತಿಯಲ್ಲಿ ಜಾರುವ ವೈಪರುಗಳಿಲ್ಲದ ಕಾರಣ ಸವೆತ ಕಡಿಮೆ. ಚಂದಾದಾರ ತಿರುಗಿಸಿದ ಅಂಕೆಗಳನ್ನೆಲ್ಲ ಮೊದಲು ಸಂಗ್ರಹಿಸಿ, ಎಕ್ಸ್‌ಚೇಂಜಿಗೆಲ್ಲ ಸಾಮಾನ್ಯವಾದ ಒಂದು ನಿಯಂತ್ರಣ ಘಟಕ ದಾರಿಯನ್ನು ಹುಡುಕಿಕೊಡುವುದು ಅದರ ವೈಶಿಷ್ಟ್ಯ. ಆದರೆ ಯೂರೋಪಿನಲ್ಲಿ ಒಂದೊಂದು ಫೋನಿನ ಬಳಕೆ ಕಡಿಮೆಯಿದ್ದರೆ, ಭಾರತದಲ್ಲಿ ಫೋನುಗಳು ವಿರಳವಾಗಿದ್ದು ಒಂದೊಂದನ್ನೂ ಹತ್ತಾರು ಜನ ಬಳಸುತ್ತಿದ್ದರು. ಸಂಪರ್ಕ ಸಿಗದಿದ್ದಾಗ ಮತ್ತೆ ಮತ್ತೆ ಪ್ರಯತ್ನಿಸುವುದೂ ಸೇರಿ, ಸಾಮಾನ್ಯ ನಿಯಂತ್ರಣ ಘಟಕಗಳ ಮೇಲೆ ವಿನ್ಯಾಸಕಾರರು ಎಣಿಸದಿದ್ದ ಹೊರೆ ಬಿತ್ತು. ಇದರಿಂದ ಹೊಸ ಎಕ್ಸ್‌ಚೇಂಜುಗಳು ತೊಂದರೆಗೀಡಾಗಿ, ಭಾರತೀಯ ಪರಿಸ್ಥಿತಿಗೆ ತಕ್ಕಂತೆ ವಿನ್ಯಾಸವನ್ನು ತಿದ್ದುವ ಪ್ರಯತ್ನಗಳು ನಡೆಯಬೇಕಾಯಿತು. ಪ್ರತಿ ಸೆಲೆಕ್ಟರೂ ತನ್ನ ಪಾಲಿನ ನಿರ್ಣಯವನ್ನು ತಾನೇ ಮಾಡುತ್ತಿದ್ದ ಹಳೆಯ ಸ್ಟ್ರೌಜರ್ ಪದ್ಧತಿ, ನಿಧಾನಗತಿಯದಾದರೂ, ದೇಶದಲ್ಲಿ ದೀರ್ಘಕಾಲ ಉಳಿದುದಕ್ಕೆ ಇದೂ ಒಂದು ಕಾರಣ.

1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ಬಿಸಿಲು ಧೂಳುಗಳನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದೆ ನಡೆಯಬಲ್ಲ ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಸ್ಥಾಪನೆಗೊಂಡಿತು. ಸೆಲೆಕ್ಟರಿನ ಕಂಬ ತನ್ನ ಎತ್ತರದಿಂದ ನೆನಪಿಟ್ಟುಕೊಳ್ಳುತ್ತಿದ್ದ ಅಂಕೆಯನ್ನು ಇಲ್ಲಿ ಸಿಲಿಕಾನಿನ ಸ್ಮೃತಿಕೋಶಗಳು ನೆನಪಿಟ್ಟುಕೊಂಡವು. ಬ್ರಿಟನ್ನಿನ ಕೊನೆಯ ಸ್ಟ್ರೌಜರ್ ಎಕ್ಸ್‌ಚೇಂಜ್ 1995ರಲ್ಲಿ ನಿಂತಿತು. ಭಾರತದಲ್ಲಿಯೂ 1990ರ ದಶಕದಲ್ಲಿ ಅವು ಒಂದೊಂದಾಗಿ ತೆರವಾದವು. ಬಿಡಿಭಾಗಗಳನ್ನು ಕೊರೆದು, ಸುತ್ತಿ, ಹದಗೊಳಿಸುವ ಕೈಗಳ ಅಗತ್ಯ ಹೊಸ ಉಪಕರಣಕ್ಕೆ ಬಹಳ ಕಡಿಮೆಯಿದ್ದುದರಿಂದ, ಈ ಬದಲಾವಣೆಯಲ್ಲಿ ಒಂದು ಯಂತ್ರದೊಡನೆ ಒಂದು ಕಸುಬೂ ಹಿಂದೆ ಸರಿಯಿತು.

ಜಪಾನಿನ ಯಾಸ್ಕಾವಾ ಕಂಪನಿಯ ಎಂಜಿನಿಯರ್ ತೆತ್ಸುರೊ ಮೋರಿ 1969ರಲ್ಲಿ ಬಳಕೆಗೆ ತಂದ ಮೆಕಾಟ್ರಾನಿಕ್ಸ್ ಎಂಬ ಪದ ಇಂದು ಕಾಲೇಜುಗಳಲ್ಲಿ ಪ್ರತ್ಯೇಕ ವಿಷಯವಾಗಿ ಬೆಳೆದಿದ್ದು, ಯಂತ್ರ, ವಿದ್ಯುತ್ತು ಮತ್ತು ಗಣಕಗಳನ್ನು ಒಂದುಗೂಡಿಸುತ್ತದೆ. ಆದರೂ ಹಳೆಯ ಅರ್ಥದ ವಿದ್ಯುತ್‌ಯಾಂತ್ರಿಕ ಸಾಧನಗಳು ಕಣ್ಮರೆಯಾಗಿಲ್ಲ. ರೈತರ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒತ್ತಿದಾಗ ಕಾಂಟ್ಯಾಕ್ಟರಿನ ಕಾಯಿಲ್ ಕಬ್ಬಿಣವನ್ನು ಸೆಳೆದು ಮೂರು ಫೇಸುಗಳನ್ನು ಮೋಟಾರಿಗೆ ಕೂಡಿಸುತ್ತದೆ, ಜೊತೆಗಿನ ಸಣ್ಣ ಸ್ಪರ್ಶವೊಂದು ಗುಂಡಿ ಬಿಟ್ಟ ಮೇಲೂ ಕಾಯಿಲಿಗೆ ವಿದ್ಯುತ್ತು ಸಿಗುವಂತೆ ನೋಡಿಕೊಳ್ಳುತ್ತದೆ. ಕರೆಂಟು ಹೋದಾಗ ಸ್ಪ್ರಿಂಗು ಎಲ್ಲವನ್ನೂ ಬಿಡಿಸಿಬಿಡುವುದರಿಂದ, ಕರೆಂಟು ಮರಳಿ ಬಂದಾಗ ಯಾರೂ ಒತ್ತದೆ ಮೋಟಾರು ತಾನಾಗಿ ತಿರುಗುವುದಿಲ್ಲ. ಸರದಿಯಂತೆ ರಾತ್ರಿ ಹೊತ್ತಿನಲ್ಲಿ ಬರುವ ತ್ರೀಫೇಸ್ ವಿದ್ಯುತ್ತಿಗಾಗಿ ಕಾಯಲಾರದೆ ರೈತರು ಆಟೊ ಸ್ಟಾರ್ಟರ್ ಹಾಕಿಸುವುದು, ಯಂತ್ರದ ಈ ಎಚ್ಚರಿಕೆಯನ್ನು ದಾಟುವುದಕ್ಕಾಗಿಯೇ. ರೈಲ್ವೆ ಸಿಗ್ನಲ್ಲಿನ ರಿಲೇಗಳಲ್ಲಿ ಇದೇ ತತ್ತ್ವ ಜೀವರಕ್ಷಣೆಯ ನಿಯಮವಾಗಿದೆ: ಅಲ್ಲಿ ಬಳಸುವ ಗುರುತ್ವ ರಿಲೇಗಳಲ್ಲಿ ತಂತಿ ಕಡಿದರೂ ಬ್ಯಾಟರಿ ಸೋತರೂ ಕಬ್ಬಿಣದ ತುಂಡು ತನ್ನ ಭಾರದಿಂದಲೇ ಕೆಳಗೆ ಬಿದ್ದು, ಹಸಿರು ದೀಪದ ಮಂಡಲವನ್ನು ಕಡಿದು ಕೆಂಪು ದೀಪವನ್ನು ಹೊತ್ತಿಸುವಂತೆ ವಿನ್ಯಾಸ ಮಾಡಲಾಗಿರುತ್ತದೆ.

ಹೀಗೆ ನೋಡಿದಾಗ, ವಿದ್ಯುತ್‌ಯಾಂತ್ರಿಕ ಎಂಬ ಪದಕ್ಕೆ ಎಲೆಕ್ಟ್ರಾನಿಕ್ಸ್ ಬರುವ ಮುಂಚಿನದು ಎಂಬ ಅರ್ಥವನ್ನಷ್ಟೇ ಕಟ್ಟುವುದು ಸಾಲದು. ಆ ಜೋಡಣೆಯಲ್ಲಿ ಯಂತ್ರ ಹೊತ್ತಿದ್ದ ಎರಡು ಜವಾಬ್ದಾರಿಗಳಲ್ಲಿ ಒಂದು, ಅಂದರೆ ನೆನಪಿಟ್ಟುಕೊಂಡು ನಿರ್ಣಯಿಸುವುದು, ಸಿಲಿಕಾನಿಗೆ ಬಹುಮಟ್ಟಿಗೆ ಹಸ್ತಾಂತರವಾಯಿತು. ಸ್ಟ್ರೌಜರ್ ಎಕ್ಸ್‌ಚೇಂಜ್ ಕಟ್ಟಿದ್ದು ಆ ಜವಾಬ್ದಾರಿಯ ಮೇಲಾದ್ದರಿಂದ ಅದು ಬೇರು ಸಹಿತ ಹೋಯಿತು, ದೂರವಾಣಿನಗರದ ಹಳೆಯ ಕಸುಬಿಗೆ ಕೆಲಸವಿಲ್ಲದಾಯಿತು. ವಿದ್ಯುತ್ತು ಇಲ್ಲವಾದಾಗ ವ್ಯವಸ್ಥೆ ಯಾವ ಸ್ಥಿತಿಗೆ ಮರಳಬೇಕೆಂಬ ಎರಡನೆಯ ಜವಾಬ್ದಾರಿಯನ್ನು ಮಾತ್ರ, ಅಪಾಯವಿರುವ ಎಡೆಗಳಲ್ಲಿ, ಇಂದಿಗೂ ಸ್ಪ್ರಿಂಗಿಗೆ ಮತ್ತು ಕಬ್ಬಿಣದ ಭಾರಕ್ಕೇ ವಹಿಸಲಾಗುತ್ತಿದೆ.